ಎಳೆ ಎಣಿಸುವ ಕಣ್ಣು

ಚಿಗವ್ವ ಚಷ್ಮಾ ಬಿಸಾಡುವ ಹುಚ್ಚಿಗೆ ಬಿದ್ದು ಮಾಸ್ಕೋಕ್ಕೆ ಹೋಗಿಬಂದಳೆಂದು ಬೈಲಹೊಂಗಲದಿಂದ ರಾಮದುರ್ಗದವರೆಗಿನ ನಮ್ಮ ಬೀಗರೆಲ್ಲ ಹೇಳುತ್ತಾರೆ. ನಲವತ್ತು ದಾಟಿದ ಹೆಂಗಸಿಗೆ ಚೆಂದದ ಚಪಲ ಯಾಕೆ ಎಂಬುದು ಅವರ ವಾದ. ವಾದ ಅಂದಮೇಲೆ ಪುರಾವೆ ಬೇಕು. ಅವಳು ಕನ್ನಡಿ ಮುಂದೆ ನಿಂತು ಚಷ್ಮಾಕ್ಕೆ ಬೈದದ್ದನ್ನು ಯಾರು ಕೇಳಿದ್ದಾರೆ? ನಾನಂತೂ ಕೇಳಿಲ್ಲ. ಅವ್ವನ ಈ ತಂಗಿಯ ಮನೆಯಲ್ಲಿ, ಸವದತ್ತಿಯಲ್ಲಿ ಇದ್ದೇ ನಾನು ಶಾಲೆ ಕಲಿತದ್ದು.

ಅವಳದು ಕಸೂತಿಯ ಕೈ. ಮುರಗೋಡ, ಉಗರಗೋಳದ ಮದುವೆ ಮನೆಗಳಿಂದ ಕರಿ ಚಂದ್ರಕಾಳಿ ಸೀರೆಗಳು ಅವಳಲ್ಲಿಗೇ ಬರುತ್ತಿದ್ದವು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ. ನೇಯ್ಗೆಯ ಎಳೆ ಎಣಿಸುತ್ತ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಸೀರೆಯ ಮೇಲೆ ಮೂಡುವ ಗೋಪುರ ಸೊಟ್ಟಾಗುತ್ತದೆ. ಎಣಿಸಲು ಕೂತಾಗ ಚಿಗವ್ವ ಚಷ್ಮಾ ತೆಗೆದಿಟ್ಟು ಸೀರೆಯನ್ನು ಮೂಗಿನಿಂದ ಗೇಣು ದೂರ ಹಿಡಿಯುತ್ತಿದ್ದಳು. ಬೀದಿಯಾಚೆ ನಿಂತವರ ಗುರುತು ಹತ್ತದ ಆ ಕಣ್ಣಿಗೆ ಬೇರೆ ಯಾರಿಗೂ ಕಾಣದ ಎಳೆ ಕಾಣುತ್ತಿತ್ತು.

ಅವಳ ಮಗ ಡಾಕ್ಟರಿಕೆ ಓದಲು ಮಾಸ್ಕೋಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು, ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವನ ಪತ್ರ ಬಂತು. ಇಲ್ಲಿ ಕಣ್ಣಗುಡ್ಡೆಯ ಮೇಲೆ ಕೂದಲೆಳೆಯಂಥ ಗೀರು ಹಾಕಿ, ದೂರದ್ದು ಕಾಣದ ದೋಷ ತೆಗೆಯುತ್ತಾರೆ, ಅವ್ವನನ್ನು ಕಳಿಸಿರಿ ಎಂದು ಬರೆದಿದ್ದ.

ಪತ್ರ ಓದಿ ಅವಳ ಗಂಡ, ನಮ್ಮ ಕಾಕಾ, ನನ್ನ ಕಡೆ ತಿರುಗಿದರು. ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದಂದಿನಿಂದ ಮನೆಯ ಯಾವ ವಿಷಯವಿದ್ದರೂ ಪರ, ವಿರೋಧ ಎರಡನ್ನೂ ನನ್ನಿಂದ ಹೇಳಿಸಿಯೇ ತೀರ್ಮಾನಿಸುವುದು ಅವರ ರೂಢಿ. ಪರವಾಗಿ ಶುರುಮಾಡಿದೆ. ನಡುವೆ ಚಿಗವ್ವ ಕೇಳಿದಳು:

"ದೂರಿಂದು ಕಾಣತೈತಿ, ಖರೆ. ಹತ್ತಿರದ್ದು?"

"ಎಲ್ಲವ್ವನ ಗುಡ್ಡ ಕಾಣೂ ಕಣ್ಣಿಗೆ ಮುಂದಿನ ಎಳಿ ಕಾಣೂದಿಲ್ಲೇನ ಚಿಗವ್ವ?"

ಎಲ್ಲರೂ ನಕ್ಕರು. ನಮ್ಮ ವಕೀಲ ಗೆದ್ದ, ಇನ್ನ ಪಾಸ್‌ಪೋರ್ಟ್ ನೋಡೂಣು ಅಂದರು ಕಾಕಾ. ವಿರೋಧದ ಪಾಳಿ ಬರಲೇ ಇಲ್ಲ. ಬಂದಿದ್ದರೂ ನಾನೇನು ಹೇಳುತ್ತಿದ್ದೆ? ಕಣ್ಣಿನ ಬಗ್ಗೆ ನನಗೆ ಒಂದಕ್ಷರವೂ ಗೊತ್ತಿರಲಿಲ್ಲ.

ಮಗನಿಗೆಂದು ಕಟಕರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು, ಕಾಕಾನ ಉಲ್ಲನ್ ಕೋಟು ತೊಟ್ಟು ಹೋದವಳು ಎರಡು ತಿಂಗಳಿಗೆ ಬಂದಳು. ಬಸ್ಸಿನ ಬೋರ್ಡು ತಾನೇ ಓದಿದಳು. ಬೀಗರು ಬೆರಗಾದರು. ಮರುದಿನ ಸೀರೆ ತೆಗೆದು ಗೇಣು ದೂರ ಹಿಡಿದಳು, ಆಮೇಲೆ ಮೊಳ ದೂರ. ಎಳೆಗಳೆಲ್ಲ ಕಲಸಿಹೋಗಿ ಬರೀ ಕಪ್ಪು. ಬೆಳಗಾವಿಯಿಂದ ಓದುವ ಚಷ್ಮಾ ತರಿಸಿದೆವು. ಬೆಳಿಗ್ಗೆ ಹೊಂದಿದ್ದು ಸಂಜೆಗೆ ಹೊಂದಲಿಲ್ಲ. ಉಗರಗೋಳದ ಮದುಮಗಳ ಸೀರೆ ಅರ್ಧ ಗೋಪುರದೊಂದಿಗೆ ವಾಪಸು ಹೋಯಿತು. ಆಮೇಲೆ ಯಾರೂ ಸೀರೆ ತರಲಿಲ್ಲ. ಅವಳು ಸೂಜಿಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು.

ಕಾಕಾ ಬಂದವರಿಗೆಲ್ಲ ಆಪರೇಷನ್ ಯಶಸ್ವಿ ಅನ್ನುತ್ತಾರೆ. ಅವಳು ತಿದ್ದುವುದಿಲ್ಲ. ಮಗ ಬಡಕಲಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಅಲ್ಲೇ ಇರುತ್ತಾನಂತೆ: ಮಾಸ್ಕೋದ ಬಗ್ಗೆ ಅವಳ ಬಾಯಲ್ಲಿ ಇಷ್ಟೇ.

ಮೊನ್ನೆ ತಪ್ಪೊಪ್ಪಿಕೊಳ್ಳಲು ಹೋದೆ. ನನ್ನ ಮಾತು ನಂಬಿ ನೀನು ಕಣ್ಣು ಕೆಡಿಸಿಕೊಂಡೆ ಎಂದೆ.

"ನಿನ್ನ ಮಾತ ನಾ ನಂಬಿದ್ದಿಲ್ಲ ಬಿಡು," ಅಂದಳು. "ಇಪ್ಪತ್ತೈದ ವರ್ಷ ಎಳಿ ಎಣಿಸಿದಾಕಿ ನಾ. ದೂರಿಂದು ಬಂದ್ರ ಹತ್ತಿರದ್ದು ಹೋಗತೈತಂತ ನನಗ ತಿಳೀದೇನ?"

 ನನ್ನಲ್ಲಿ ಪ್ರಶ್ನೆಯೊಂದೇ ಉಳಿದಿತ್ತು.

"ಹಂಗಾರ ಮಗನ್ನ ನೋಡಾಕಂತನ ಕಣ್ಣ ಕೊಟ್ಟ ಬಂದೀಯೇನ, ಚಿಗವ್ವ?"