ಕಾಲೇಜಿನಿಂದ ಬಂದ ಫೋನು

ಗಿರಿಜಾ, ಕಾಲೇಜಿನಿಂದ ಫೋನು ಬಂದಿತ್ತು. ನಿನಗೆ ಸೀಟು ಸಿಕ್ಕಿತ್ತು. ಬೇಡ ಅಂದವಳು ನಾನು — ನಿನ್ನ ಅಣ್ಣನ ಹೆಂಡತಿ, ನೀನು ಬಾಯಿತುಂಬ ವೈನಿ ಅಂತ ಕರೆಯುವವಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಕಾಲೇಜಿಗೆ ಅರ್ಜಿ ಹಾಕಿ ನೋಡಿರಲಿಲ್ಲ. ಆ ಬೇಸಿಗೆ ನೆನಪಿದೆಯಲ್ಲ? ಬೈಲಹೊಂಗಲದಲ್ಲಿ ಬಟ್ಟೆ ಕತ್ತರಿಸಿ ಹೊಲಿಯುವ ಡಿಪ್ಲೊಮಾ ಮಾಡುತ್ತೇನೆಂದು ನೀನು ಹಟ ಹಿಡಿದಿದ್ದೆ. ಇವತ್ತು ಸರ್ವರ್ ಇಲ್ಲ, ನಾಳೆ ಆದಾಯದ ಸರ್ಟಿಫಿಕೇಟು ಹಳೆಯದು, ನಾಡಿದ್ದು ಆಧಾರಿನಲ್ಲಿ ಹೆಸರೇ ಬೇರೆ! ನೀನು ನಮ್ಮೂರು ಸಂಗೊಳ್ಳಿಯಿಂದ ಬಸ್ಸು ಹತ್ತುವುದು, ಇಲ್ಲಿ ನಾನೊಬ್ಬಳೇ ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದು. ನಿನ್ನ ಹತ್ತಿರ ಫೋನಿಲ್ಲವೆಂದು ಅರ್ಜಿಯಲ್ಲಿ ನನ್ನ ನಂಬರು. ಕೈಯೆಲ್ಲ ಹಿಟ್ಟಾದಾಗಲೇ ಓಟಿಪಿ ಬರಬೇಕು, ಕಂಪ್ಯೂಟರ್ ಅಂಗಡಿಯಿಂದ ನೀನು ಕೂಗಬೇಕು: “ವೈನಿ, ಲಗೂ ಹೇಳ್ರಿ, ಟೈಮ್ ಮುಗಿಯಾಕತ್ತೈತಿ!” ನನಗೆ ಸಾಕುಸಾಕಾಗಿತ್ತು.

ಹಾಗಂತ ಸಿಟ್ಟಿನಲ್ಲಿ ಬಾಯಿ ಜಾರಿತು ಅನ್ನಲೇ? ಜಾರಲಿಲ್ಲ. ಫೋನು ಮಾಡಿದಾತ ಎರಡನೇ ಸಲ ಕೇಳಿದ — “ಖಾತ್ರಿ ಬರೂದಿಲ್ಲೇನ್ರಿ ಆಕಿ? ಸೀಟು ಬ್ಯಾರೇದವ್ರಿಗೆ ಹೋಗ್ತೈತ್ರಿ.”

“ಹೋಗ್ಲಿ ಬಿಡ್ರಿ,” ಅಂದೆ.

ನೀನು ಹೋದರೆ ಅಡಿಗೆ ಮನೆಯೆಲ್ಲ ನನ್ನ ಕೊರಳಿಗೆ ಬೀಳುತ್ತದೆ ಎಂದು ತಿಳಿದೇ ಅಂದೆ. ಅದಕ್ಕಿಂತ ಹೊಲಸು ಇನ್ನೊಂದಿತ್ತು — ನನ್ನ ಓದು ಮದುವೆಗಾಗಿ ಅರ್ಧಕ್ಕೆ ನಿಂತಿತ್ತಲ್ಲ, ನಿನ್ನದು ಮಾತ್ರ ಯಾಕೆ... ಇರಲಿ. ಬರೆಯಲು ನಾಚಿಕೆಯಾಗುತ್ತದೆ.

ದಿನಾ ಸಂಜೆ ನೀನು ಕೇಳುತ್ತಿದ್ದೆ, “ಫೋನ್ ಬಂತೇನ್ರಿ ವೈನಿ?” ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ನಾನು ಇಲ್ಲ ಅನ್ನುತ್ತಿದ್ದೆ. ಕೊನೆಗೆ ನೀನೇ ಕಾಲೇಜಿಗೆ ಹೋದೆ. ಫೋನು ಮಾಡಿದ್ದೆವು ಎಂದು ಅವರು ಹೇಳಿದರೂ ನೀನು ನಂಬಲಿಲ್ಲ. “ಸುಳ್ಳ ಹೇಳ್ತಾರ್ರಿ ವೈನಿ,” ಅಂತ ನನ್ನ ತೊಡೆಯ ಮೇಲೇ ತಲೆಯಿಟ್ಟು ಅತ್ತುಬಿಟ್ಟೆ. ನಾನು ನಿನ್ನ ತಲೆ ಸವರಿದೆ. ಅವರಿಗೆ ಎರಡು ಮಾತು ಬೈದೆ ಕೂಡ.

ಆಮೇಲೆ ನೀನು ಮದುವೆಯಾಗಿ ಯರಗಟ್ಟಿಗೆ ಹೋದೆ. ಸ್ವಂತ ಕತ್ತರಿ ಹಿಡಿಯುವ ಆಸೆಯಿದ್ದವಳು ಈಗಲೂ ಯಾರದೋ ಟೇಲರ್ ಅಂಗಡಿಯ ಬಟ್ಟೆಗೆ ಗುಂಡಿ ಹಚ್ಚುತ್ತ ಕೂತಿದ್ದೀಯ.

ಈ ವರ್ಷ ನನ್ನ ಮಗಳು ಸುಧಾಳ ಅರ್ಜಿ ಹಾಕಿಸಲು ನೀನೇ ಬಂದೆ. ಅದೇ ಕಾಲೇಜಿನ ಕಿಟಕಿಯ ಮುಂದೆ ನಿಂತು ಜಗಳ ತೆಗೆದೆ: “ನನಗಂತೂ ಫೋನ್ ಮಾಡ್ಲಿಲ್ಲ ನೀವು. ನಮ್ಮ ಹುಡುಗಿಗರೆ ಮರೀಬ್ಯಾಡ್ರಿ!” ಹೊಸದಾಗಿ ಬಂದ ಗುಮಾಸ್ತ, ಪಾಪ, “ತಪ್ಪಾತ್ರಿ ಅಕ್ಕಾರ,” ಅಂದ. ನಾನು ಪಕ್ಕದಲ್ಲೇ ಇದ್ದೆ. ಮತ್ತೆ ನೀನು — ನಿನ್ನ ಈ ನಂಬಿಕೆಗೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ ಗಿರಿಜಾ! — ಅರ್ಜಿಯಲ್ಲಿ ನನ್ನ ನಂಬರನ್ನೇ ಬರೆಸಿದೆ. “ವೈನಿ ಮನ್ಯಾಗ ಇರ್ತಾರ, ಫೋನ್ ತಪ್ಪಂಗಿಲ್ಲ.”

ಇವತ್ತು ಮಧ್ಯಾಹ್ನ ಫೋನು ಬಂತು. “ಬರ್ತಾಳ್ರಿ,” ಅಂದೆ. ಅಂದೂ ಇಷ್ಟೇ ಅಂದಿದ್ದರೆ ಸಾಕಿತ್ತು.

ಇದನ್ನು ಬರೆದು ಕಳಿಸಿ ತಪ್ಪಿಸಿಕೊಳ್ಳುವುದಿಲ್ಲ. ನಾಳೆ ಸುಧಾಳನ್ನು ಕಾಲೇಜಿಗೆ ಸೇರಿಸಿ, ಅಲ್ಲಿಂದಲೇ ಯರಗಟ್ಟಿ ಬಸ್ಸು ಹತ್ತುತ್ತೇನೆ. ನೀನು ಬಾಗಿಲಲ್ಲೇ ಕೇಳುತ್ತೀಯ, “ಫೋನ್ ಬಂತೇನ್ರಿ ವೈನಿ?”

ಬಂತು ಅನ್ನುತ್ತೇನೆ. ಎರಡೂ ಸಲ ಬಂತು ಅನ್ನುತ್ತೇನೆ.