ಅಪ್ಪನ ಕಾರಿನ ಎಡಗನ್ನಡಿ

ಆಗೆಲ್ಲ ನಮ್ಮ ಕಡೆ ಕಾರಿಗೆ ಹೊರಗೆ ಒಂದೇ ಕನ್ನಡಿ, ಅದೂ ಡ್ರೈವರ್ ಕೂಡುವ ಬಲಬದಿಗೆ. ಎಡಕ್ಕೂ ಒಂದು ಬೇಕು ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಎಡಕ್ಕೆ ನೋಡಿ ಹೇಳಲು ಯಾರಾದರೊಬ್ಬರು ಕೂತಿರುತ್ತಿದ್ದರು. ನಮ್ಮಪ್ಪನ ಬಾಡಿಗೆ ಅಂಬಾಸಿಡರ್‌ನಲ್ಲಿ ಹಾಗೆ ಕೂಡುತ್ತಿದ್ದವಳು ನಾನು.

ಕುಷ್ಟಗಿಯಲ್ಲಿ ನಮ್ಮ ಮನೆ ಮುಂದಿನ ಬೇವಿನ ನೆರಳಿನಲ್ಲಿ ನಿಂತಿರುತ್ತಿದ್ದ ಆ ಬಿಳಿ ಕಾರಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಬಿಸಿಲಿಗೆ ಕಾದ ಸೀಟು, ಡೀಸೆಲ್, ಊದಿನಕಡ್ಡಿ, ಮದುವೆಯವರು ಸೀಟಿನ ಸಂದಿಯಲ್ಲಿ ಚೆಲ್ಲಿ ಹೋದ ಬೂಂದಿ. ಅಪ್ಪ ಹರೆಯದಲ್ಲಿ ಎತ್ತಿನ ಚಕ್ಕಡಿ ಮೇಲಿಂದ ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡಿದ್ದ. ಬಲಕ್ಕೆ ಹೊರಳುತ್ತಿತ್ತು, ಎಡಕ್ಕೆ ಹೊರಳುತ್ತಿರಲಿಲ್ಲ. ಇದು ಬಾಡಿಗೆಯವರಿಗೆ ಗೊತ್ತಾಗಬಾರದು. ಗೊತ್ತಾದರೆ ಕಾರು ಯಾರು ಹತ್ತುತ್ತಾರೆ? ಒಳಗಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನವರ ರುಮಾಲು, ಗಂಟುಮೂಟೆಗಳೇ ಕಾಣುತ್ತಿದ್ದವು. ಅದಕ್ಕೇ ನಾನು ಮುಂದೆ ಎಡಕ್ಕೆ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಬೇಕು.

"ಪಾರೂ?" ಅನ್ನುತ್ತಿದ್ದ ಅಪ್ಪ.

"ಎಡಕ್ಕ ಖಾಲಿ ಅಪ್ಪಾ."

ನಾನು ಹಾಗೆ ಅಂದ ಮೇಲೇ ಸ್ಟೇರಿಂಗ್ ತಿರುಗುತ್ತಿತ್ತು. ಬಾಡಿಗೆಯವರು, "ಮಗಳು ಭಾಳ ಚುರುಕ ಅದಾಳ ನೋಡ್ರಿ" ಅಂತ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಂದು ಸಲ ತಪ್ಪಿ ಖಾಲಿ ಅಂದುಬಿಟ್ಟರೆ ಏನು ಗತಿ ಅಂತ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿರುತ್ತಿದ್ದೆ.

ಚಳಿಗಾಲಕ್ಕೆ ಹುರುಳಿ ಸುಗ್ಗಿ ಬಂದರೆ ಈ ಭಯ ಇನ್ನೂ ಜಾಸ್ತಿ. ಹನುಮಸಾಗರದ ರಸ್ತೆ ಆಗ ರಸ್ತೆಯಲ್ಲ, ಉದ್ದನೆಯ ಕಣ. ಕಿತ್ತ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ದಪ್ಪಗೆ ಹಾಸಿ, ಅಂಚಿಗೆ ಕಲ್ಲಿಟ್ಟು, ಹೋಗಿಬರುವ ಗಾಡಿಗಳ ಗಾಲಿಯಿಂದಲೇ ರೈತರು ಕಾಳು ಬಿಡಿಸಿ ರಾಶಿ ಮಾಡಿಸಿಕೊಳ್ಳುತ್ತಿದ್ದರು. ಹಾಸನ್ನು ತಪ್ಪಿಸಿ ಹೋದರೆ ಬೈಗುಳ ಗ್ಯಾರಂಟಿ. "ಯಾಕೋ ಡ್ರೈವರಣ್ಣಾ, ನಿನ್ನ ಗಾಲಿ ಸವಿತಾವೇನು?" ಆದರೆ ಆ ಬಳ್ಳಿ ಸಾಮಾನ್ಯದ್ದಲ್ಲ. ಕಾರಿನ ಕೆಳಗೆ ತಿರುಗುವ ದಂಡಕ್ಕೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್. ಒಣ ಬಳ್ಳಿಗೂ ಕಾದ ಕಬ್ಬಿಣಕ್ಕೂ ಎಷ್ಟು ಹೊತ್ತಿನ ಸ್ನೇಹ ನೀವೇ ಹೇಳಿ. ಅದಕ್ಕೇ ಒಂದೊಂದು ಹಾಸು ದಾಟಿದ ಕೂಡಲೇ ಅಪ್ಪ ಕಾರು ನಿಲ್ಲಿಸುತ್ತಿದ್ದ. ನಾನು ಇಳಿದು, ನೆಲಕ್ಕೆ ಕೆನ್ನೆ ಹಚ್ಚಿ ಕೆಳಗೆ ನೋಡುತ್ತಿದ್ದೆ. ಸುತ್ತಿಕೊಂಡಿದ್ದರೆ ಅಪ್ಪ ಕುಡುಗೋಲು ಹಾಕಿ ಕೊಯ್ದು ತೆಗೆಯುತ್ತಿದ್ದ. ಈ ಮಾತು ಇವತ್ತಿಗೂ ಹೇಳುತ್ತೇನೆ: ಹಾಸಿನ ಮೇಲೆ ಗಾಡಿ ಹೊಡೆದಿರೋ, ಇಳಿದು ಕೆಳಗೆ ನೋಡಿ. ಸೊಂಟ ಬಗ್ಗಿಸಿದರೆ ಏನೂ ಕಳೆದುಹೋಗುವುದಿಲ್ಲ.

ಸುಗ್ಗಿ ಅಂದಮೇಲೆ ಮದುವೆ, ಬಸುರಿಯರ ಕುಬಸ, ಆಸ್ಪತ್ರೆ ಅಂತ ಬಾಡಿಗೆಯೂ ಹೆಚ್ಚು. ನನಗೆ ಶಾಲೆ ತಪ್ಪತೊಡಗಿತು. ಅವ್ವ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಯೇ ಕೇಳಿದಳು.

"ಹುಡುಗಿ ಸಾಲಿ ಕಲೀಬೇಕೋ, ನಿಮ್ಮ ಕಾರಿನ ಕ್ಲೀನರ್ ಆಗ್ಬೇಕೋ? ಒಂದ ಹೇಳ್ರಿ."

"ಸುಗ್ಗಿ ಮುಗೀಲಿ ತಡಿ."

"ಸುಗ್ಗಿ ವರ್ಷಾ ಬರ್ತೈತಿ. ಆಕಿ ವಯಸ್ಸು ಬರ್ತೈತೇನು?"

ಮರುದಿನ ನನ್ನನ್ನು ಶಾಲೆಗೆ ಅಟ್ಟಿದಳು. ಅವತ್ತೇ ಅಪ್ಪ ಎದುರಿನ ಲಾರಿಗೆ ದಾರಿ ಬಿಡಲು ಎಡಕ್ಕೆ ಸರಿದು, ಹಾಸಿನ ಅಂಚಿನಲ್ಲಿಟ್ಟಿದ್ದ ಬಿದಿರು ಬುಟ್ಟಿಯನ್ನು ಗಾಲಿಗೆ ಕೊಟ್ಟ. ಬುಟ್ಟಿ ಅಪ್ಪಚ್ಚಿಯಾಯಿತು. ಮನೆಗೆ ಬಂದು ನಗುತ್ತಲೇ ಹೇಳಿದ. ಅವ್ವ ನಗಲಿಲ್ಲ. "ಬುಟ್ಟಿ ಬಾಜೂಕ ಕೂಸು ಮಲಗಿಸಿರ್ತಾರ್ರೀ" ಅಂದಳು, ಅಷ್ಟೇ. ಅವತ್ತು ಅಪ್ಪನಿಗೆ ಊಟ ಸೇರಲಿಲ್ಲ.

ಆ ವಾರವೇ ಎಡಗನ್ನಡಿ ಹಾಕಿಸಲು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋದೆವು. ಮಾಬುಸಾಬ ಕಾಕಾನ ಗ್ಯಾರೇಜು ಅಂದರೆ ತಗಡಿನ ನೆರಳು, ಗ್ರೀಸು ಹತ್ತಿದ ನೆಲ, ಸದಾ ಕುದಿಯುವ ಚಹಾ. ಅವನು ಮುಂದಿನ ಮಡ್‌ಗಾರ್ಡ್ ಮೇಲೆ ಬೆರಳಿಟ್ಟು, "ಇಲ್ಲಿ ಕೂಡ್ಸೋಣ. ಯಾರ ಕೈಗೂ ಎಟಕಂಗಿಲ್ಲ" ಅಂದ.

ಅಪ್ಪ ಹೌಹಾರಿದ. "ಅದರ ಮೈಗೆ ತೂತು ಹೊಡಿಯಾಕ ನಾ ಒಲ್ಲೆ. ಬಾಗಿಲಿಗೆ ಕಚ್ಚಿಸೋದು ಇಲ್ಲೇನು?"

"ಐತಿ. ಆದ್ರ ಬಾಗಿಲ ಬಾಜೂಕ ಕುಂತಾವ್ರು ಅದನ್ನ ಸುಮ್ಮನ ಬಿಡ್ತಾರೇನ್ ಮಾಮಾ?"

ಅಪ್ಪ ಕೇಳಲಿಲ್ಲ. ಬಾಗಿಲಿಗೆ ಕಚ್ಚುವ ದುಂಡನೆಯ ಕನ್ನಡಿಯನ್ನೇ ಆರಿಸಿದ. ನಾನು ಅದನ್ನು ತಿರುವಿ ತಿರುವಿ ನೋಡಿ, ಹಿಂದಿನ ತಗಡಿನಲ್ಲಿ ತುಕ್ಕಿನ ಚುಕ್ಕೆ ತೋರಿಸಿ, ಅದರ ಬದಲಿಗೆ ಬಾಗಿಲಿನ ರಬ್ಬರನ್ನೂ ಪುಕ್ಕಟೆ ಹೊಸದು ಹಾಕಿಸಿಕೊಂಡೆ. "ಈ ಹುಡುಗೀನ ಇಲ್ಲೇ ಬಿಟ್ಟ ಹೋಗು ಮಾಮಾ, ನನ್ನ ಅಂಗಡಿ ಉದ್ಧಾರ ಆಗ್ತೈತಿ" ಅಂದ ಮಾಬುಸಾಬ. ನನ್ನ ವ್ಯಾಪಾರ ಶುರುವಾದದ್ದು ಅವತ್ತೇ ಅನ್ನಬೇಕು.

ಕನ್ನಡಿ ಬಂತು, ನಾನು ಶಾಲೆಗೆ ಹೋದೆ. ಆದರೆ ಪಾಠ ಯಾರಿಗೆ ಬೇಕಿತ್ತು? ಅಪ್ಪ ಹೊರಟ ದಿನ ಸಂಜೆ ಹಾರ್ನ್ ಕೇಳುವವರೆಗೆ ಯಾವುದರಲ್ಲೂ ಮನಸ್ಸಿಲ್ಲ. ಕುಂಟೆಬಿಲ್ಲೆ ಆಡುವಾಗಲೂ ಒಂಟಿ ಕಾಲಲ್ಲಿ ನಿಂತು ರಸ್ತೆ ಕಡೆಗೇ ಕಿವಿ. ಅಪ್ಪ ಮಾತ್ರ ಖುಷಿಯಾಗಿದ್ದ. "ಎಡಕ್ಕ ಎಲ್ಲಾ ಕಾಣತೈತಿ ಪಾರೂ. ನಿನಗಿಂತ ಛಲೋ ಕಾಣತೈತಿ" ಅನ್ನುತ್ತಿದ್ದ. "ಕೆಳಗ ಯಾರು ಬಗ್ಗಿ ನೋಡ್ತಾರ?" ಅಂತ ಕೇಳಿದರೆ, "ಹೊಗಿ ಬಂದ್ರ ಕನ್ನಡ್ಯಾಗ ಕಾಣಂಗಿಲ್ಲೇನು?" ಅನ್ನುತ್ತಿದ್ದ. ಹಾಸು ದಾಟಿದ ಮೇಲೆ ನಿಲ್ಲಿಸುವುದನ್ನೇ ಬಿಟ್ಟಿದ್ದ.

ಆಮೇಲೆ ಬಂತು ಆ ಭಾನುವಾರ. ನನ್ನ ಅಕ್ಕ ಗಂಗಾಳನ್ನು ಹನುಮಸಾಗರಕ್ಕೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ. ಅತ್ತೆ ಮನೆಯಲ್ಲಿ ಕುಬಸ ಮುಗಿಸಿ ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಅವ್ವ ಆರತಿ ಸಿದ್ಧ ಮಾಡಲು ಮನೆಯಲ್ಲೇ ಉಳಿದಳು. ಹೊರಡುವಾಗ ಅಪ್ಪನಿಗೆ ಒತ್ತಿ ಹೇಳಿದ್ದಳು: "ರಾಹುಕಾಲ ಹತ್ತೋದ್ರೊಳಗ ಮಗಳು ನನ್ನ ಹೊಸ್ತಿಲಾ ದಾಟಿರಬೇಕು ನೋಡ್ರಿ." ಆದರೆ ಅಲ್ಲಿ ಊಟ, ಉಡಿ ತುಂಬುವುದು, ಅಕ್ಕನ ಅತ್ತೆಯ ಅಳು ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು.

ಹಿಂದೆ ಕೂತರೆ ಕುಲುಕುತ್ತದೆ ಅಂತ ಅಕ್ಕನನ್ನು ಮುಂದೆ ಕೂಡಿಸಿದರು. ನಾನು ಹಿಂದೆ, ಎಡಬದಿಯ ಕಿಟಕಿಗೆ, ತೊಡೆ ಮೇಲೆ ಕರಿಗಡಬಿನ ಡಬ್ಬಿ. ಅಕ್ಕನಿಗೆ ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವಿನ ದಂಡೆ. ಊರು ದಾಟುವ ಮೊದಲೇ ಅಕ್ಕ ಕಿಟಕಿಯಿಂದ ಕೈ ಹಾಕಿ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. ದಂಡೆ ಜಾರಿದೆಯೋ ಏನೋ ಅಂತ. ನಮ್ಮ ಕಡೆಯ ಹೆಣ್ಣುಮಗಳು ಕೈಗೆಟುಕುವ ಕನ್ನಡಿಯನ್ನು ಬಿಟ್ಟಾಳೆಯೇ? ಅಪ್ಪನ ಗಮನವೆಲ್ಲ ಗಡಿಯಾರದ ಮೇಲೆ, ಮುಂದಿನ ಹಾಸಿನ ಮೇಲೆ.

ಒಂದು ಹಾಸು ದಾಟಿತು. ಇನ್ನೊಂದು. ಕಾರು ನಿಲ್ಲಲಿಲ್ಲ. ಕಾರಿನ ಕೆಳಗೆ ಬಳ್ಳಿ ಸರಬರ ಅನ್ನುವ ಸದ್ದು ಡಾಂಬರಿಗೆ ಬಂದ ಮೇಲೂ ನಿಲ್ಲಲಿಲ್ಲ.

"ಅಪ್ಪಾ, ನಿಲ್ಸು. ಕೆಳಗ ನೋಡ್ತೀನಿ."

"ರಾಹುಕಾಲ ಬಂತವಾ. ಸುಮ್ನ ಕುಂದ್ರು."

ಮೂರನೇ ಹಾಸು ಎಲ್ಲಕ್ಕಿಂತ ಉದ್ದ. ಅದರ ಕೊನೆಗೆ ಬಂದಾಗ ನನ್ನ ಮೂಗಿಗೆ ವಾಸನೆ ಹತ್ತಿತು. ಹುರುಳಿ ಹುರಿದ ವಾಸನೆ, ಅವ್ವ ಸಾರಿಗೆ ಹುರಿಯುವಾಗ ಬರುತ್ತದಲ್ಲ, ಥೇಟ್ ಹಾಗೆ. ಆದರೆ ಇಲ್ಲಿ ಒಲೆ ಎಲ್ಲಿದೆ? ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ಅಪ್ಪಾ, ಎಡಕ್ಕ ಹೊಗಿ!"

ಅಪ್ಪ ಕಣ್ಣು ಹೊರಳಿಸಿ ಕನ್ನಡಿ ನೋಡಿದ. "ಎಲ್ಲೈತಿ? ಕನ್ನಡ್ಯಾಗ ಏನೂ ಇಲ್ಲ."

"ವಾಸನಿ ಬರಾಕತ್ತೈತಿ ಅಪ್ಪಾ!"

"ಯಾರೋ ಹೊಟ್ಟು ಸುಡಾಕತ್ತಿರಬೇಕು."

ಕನ್ನಡಿಯಲ್ಲಿ ಇದ್ದದ್ದು ಅಕ್ಕನ ಸೆರಗು, ಹೂವು, ಆಕಾಶ. ನಾನು ಹಿಂದಿನಿಂದ ಅಕ್ಕನ ಭುಜ ಹಿಡಿದು ಅಲುಗಾಡಿಸಿದೆ. "ಅಕ್ಕಾ, ಕನ್ನಡಿ! ಕನ್ನಡಿ ಆ ಕಡಿ ತಿರುಗ್ಸು!" ಅವಳು ಗಾಬರಿಯಲ್ಲಿ ಕನ್ನಡಿಯನ್ನು ಹೊರಕ್ಕೆ ತಳ್ಳಿದಳು. ಅಪ್ಪ ಕನ್ನಡಿ ನೋಡಿದವನೇ ಬ್ರೇಕ್ ತುಳಿದ. ಕಾರು ಕೀರಲು ಸದ್ದಿನೊಂದಿಗೆ ನಿಂತಿತು.

ಹಿಂದಿನ ಎಡಗಾಲಿಯ ಹತ್ತಿರ ದಟ್ಟ ಹೊಗೆ, ಅದರೊಳಗೆ ಕೆಂಪು ನಾಲಿಗೆ. ಅಪ್ಪ ಅಕ್ಕನನ್ನು ಎತ್ತಿಕೊಂಡಂತೆ ಇಳಿಸಿಕೊಂಡು ರಸ್ತೆಯಾಚೆ ಓಡಿದ. ನಾನು ಡಬ್ಬಿ ಬಿಸುಟು ಹಾರಿದೆ. ಹಾಸಿನಲ್ಲಿದ್ದ ಹೆಂಗಸರು ಕೇರುತ್ತಿದ್ದ ಮೊರಗಳಲ್ಲೇ ಮಣ್ಣು ಗೋರಿ ಎರಚತೊಡಗಿದರು. ಒಬ್ಬಳು ಕುಡಿಯುವ ನೀರಿನ ಕೊಡವನ್ನೇ ಸುರಿದಳು. ಅಪ್ಪ ಹೊಟ್ಟೆ ಅಡಿಯಾಗಿ ಮಲಗಿ ಕುಡುಗೋಲಿನಿಂದ ಬಳ್ಳಿ ಕೊಯ್ದು ಎಳೆದ. ಕೊನೆಗೆ ಹೊಗೆ ಮಾತ್ರ ಉಳಿಯಿತು.

"ರಾಶಿ ಮಾಡಿ ಹೋಗು ಅಂದ್ರ ಒಲಿ ಹಚ್ಚಿಯಲ್ಲೋ ಅಣ್ಣಾ!" ಅಂದಳು ಕೊಡದವಳು. ಯಾರೂ ನಗಲಿಲ್ಲ. ಎಲ್ಲರ ಕಣ್ಣು ರಸ್ತೆಯಾಚೆಯ ಬೇವಿನ ಬುಡದಲ್ಲಿ ಹೊಟ್ಟೆ ಹಿಡಿದು ಕೂತಿದ್ದ ಅಕ್ಕನ ಮೇಲೆ. ಅಪ್ಪ ಹತ್ತಿರ ಹೋಗಲೂ ಹೆದರಿ ಕುಡುಗೋಲು ಹಿಡಿದೇ ನಿಂತಿದ್ದ. ನಾನೇ ಹೋಗಿ ಅವಳ ಕೈ ಹಿಡಿದೆ. ಎಷ್ಟೋ ಹೊತ್ತಾದ ಮೇಲೆ, "ಒದಿಯಾಕತ್ತೈತಿ ಪಾರೂ" ಅಂದಳು, ಅಳುತ್ತ ನಗುತ್ತ. "ಜೋರ ಒದಿಯಾಕತ್ತೈತಿ."

ಅದೇ ಕಾರನ್ನು ನಿಧಾನಕ್ಕೆ ನಡೆಸಿಕೊಂಡು ಮನೆ ಮುಟ್ಟಿದಾಗ ರಾಹುಕಾಲ ನಡುಮಧ್ಯ. ಅವ್ವ ಆರತಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅಪ್ಪ ಅಂಗಳದಲ್ಲೇ ನಿಂತುಬಿಟ್ಟ. ಮಗಳನ್ನು ಹೊರಗೇ ಕೂಡಿಸುತ್ತಾಳೋ ಏನೋ ಅಂತ ನಾನೂ ಅಕ್ಕನ ಕೈ ಬಿಡಲಿಲ್ಲ. ಅವ್ವ ಅಕ್ಕನ ಸೀರೆಯ ಮಸಿ ನೋಡಿದಳು, ಅಪ್ಪನ ಸುಟ್ಟ ಅಂಗೈ ನೋಡಿದಳು. "ಬಲಗಾಲಿಟ್ಟು ಒಳಗ ಬಾ ನನ್ನವ್ವ" ಅಂದಳು. ಹೊತ್ತಿನ ಮಾತು ಅವತ್ತಲ್ಲ, ಮುಂದೆಂದೂ ಎತ್ತಲಿಲ್ಲ.

ಅಕ್ಕನಿಗೆ ಹೆಣ್ಣುಮಗು ಆಯಿತು, ಗಟ್ಟಿಮುಟ್ಟಾದ ಮಗು. ಅಪ್ಪ ಆ ಬೆಂಕಿಯ ಮರುವಾರವೇ ಭಾಗ್ಯನಗರಕ್ಕೆ ಹೋಗಿ, ಕಣ್ಣು ಮುಚ್ಚಿಕೊಂಡು ಮಡ್‌ಗಾರ್ಡಿಗೆ ತೂತು ಹೊಡೆಸಿ ಕನ್ನಡಿಯನ್ನು ಅಲ್ಲಿಗೆ ಸರಿಸಿದ. ಸುಗ್ಗಿ ಮುಗಿಯುವವರೆಗೆ ಭಾನುವಾರದ ಬಾಡಿಗೆಗೆ ಮತ್ತೆ ನನ್ನನ್ನು ಕರೆದ. "ಕನ್ನಡಿ ಐತಲ್ಲ?" ಅಂದರೆ, "ಕನ್ನಡಿಗೆ ಮೂಗಿಲ್ಲ ಪಾರೂ" ಅಂದ.

ಈಗ ಗಂಗಾವತಿಯಲ್ಲಿ ನನ್ನದೇ ಬಿಡಿಭಾಗಗಳ ಅಂಗಡಿ ಇದೆ. ಅಪ್ಪ ಇಲ್ಲ, ಆ ಕಾರೂ ಇಲ್ಲ. ಹೊಸ ಗಾಡಿಗಳ ಕನ್ನಡಿ ಗುಂಡಿ ಒತ್ತಿದರೆ ತಾನೇ ಹೊರಳುತ್ತದೆ, ಹಿಂದೆ ಏನಾದರೂ ಬಂದರೆ ಕುಂಯ್ ಅನ್ನುತ್ತದೆ. ಮೊನ್ನೆ ಒಬ್ಬ ಹುಡುಗ ಹಳೇ ಅಂಬಾಸಿಡರ್ ತಂದು ನಿಲ್ಲಿಸಿದ. ಪ್ರೀತಿಯಿಂದ ಕೊಂಡು, ಬಣ್ಣ ಬಳಿಸಿ, ಫಳಫಳ ಮಾಡಿಸಿದ್ದ. ಎಡಗನ್ನಡಿ ಬೇಕಂತೆ, ಬಾಗಿಲಿಗೆ.

"ಬಾಗಿಲಿಗೆ ಬ್ಯಾಡಪ್ಪ. ಬಾಜೂಕ ಕುಂತಾವ್ರ ಕೈಗೆ ಸಿಗತೈತಿ. ಮಡ್‌ಗಾರ್ಡಿಗೆ ಕೂಡ್ಸು" ಅಂದೆ.

"ತೂತು ಹೊಡಿಬೇಕಲ್ರೀ ಅಮ್ಮಾ?" ಅಂತ ಅವನೂ ಹೌಹಾರಿದ. ನಕ್ಕುಬಿಟ್ಟೆ. ತುಕ್ಕು ಹಿಡಿಯದಂತೆ ರಬ್ಬರ್ ಇಟ್ಟು, ಬಣ್ಣ ಹಚ್ಚಿ ಕೂಡಿಸುವುದು ಹೇಗೆ ಅಂತ ವಿವರಿಸಿ, ಎದುರು ನಿಂತು ಹಾಕಿಸಿದೆ. "ಹೆಂಗ ಕಾಣತೈತಿ ನೋಡೋಣ" ಅಂತ ಎಡಗಡೆಯ ಸೀಟಿನಲ್ಲಿ ನಾನೇ ಹತ್ತಿ ಕೂತೆ. ಕಾದ ಸೀಟಿನ ವಾಸನೆ ಅದೇ. ಅವನು ಅಂಗಡಿ ಮುಂದಿನಿಂದ ಕಾರು ಹೊರಳಿಸಿ, ರಸ್ತೆಗೆ ಬರುವ ಮುನ್ನ ಒಂದು ಚಣ ತಡೆದ. ನನ್ನ ತಲೆ ತಾನಾಗಿಯೇ ಕಿಟಕಿಯಾಚೆ ಹೋಯಿತು, ಕೈ ಸೀರೆಯ ಅಂಚನ್ನು ಹಿಡಿಯಿತು. ಹೇಳಲು ಬಾಯಿ ತೆರೆದೆ.

ಅವನು ಕನ್ನಡಿಯತ್ತ ಒಂದು ಸಲ ಕಣ್ಣು ಹಾಯಿಸಿ, ಏನೂ ಕೇಳದೆ, ಎಡಕ್ಕೆ ತಿರುಗಿಸಿದ.