ಉಚ್ಚಂಗೆಮ್ಮ ಕಣ್ಣು ಬಿಟ್ಟ ಫೋಟೋ

ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಶಾಮೀದಸಾಬನ ಸ್ಟುಡಿಯೋ ಇತ್ತು. ಫೋಟೋ ತೆಗೆಯುವುದಕ್ಕಿಂತ ಅದನ್ನು ತಿದ್ದುವುದರಲ್ಲಿ ಅವನದು ಎತ್ತಿದ ಕೈ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿದನೆಂದರೆ ಸಿಡುಬಿನ ಕಲೆ ಮಾಯ, ಸುಕ್ಕು ಮಾಯ. ವರನ ಕಡೆಗೆ ಕಳಿಸುವ ಫೋಟೋಕ್ಕೆ ಕುರುಗೋಡಿನಿಂದಲೂ ಜನ ಬರುತ್ತಿದ್ದರು. ಆಮೇಲೆ ಹೆಣ್ಣನ್ನು ಕಣ್ಣಾರೆ ಕಂಡವರು ಏನಂದುಕೊಳ್ಳುತ್ತಿದ್ದರೋ, ಅದು ಅವನ ತಲೆನೋವಲ್ಲ ಬಿಡಿ.

ಇಂಥವನನ್ನು 1974ರಲ್ಲಿ ಒಬ್ಬ ಮುದುಕಿ ಸೋಲಿಸಿದಳು. ಸಿರಿಗೇರಿಯ ಹಾಲಸಿದ್ದಪ್ಪನ ಅಪ್ಪ ಒಂದು ಫೋಟೋವನ್ನೂ ಬಿಡದೆ ಸತ್ತಿದ್ದ. ಅವ್ವ ಉಚ್ಚಂಗೆಮ್ಮನದಾದರೂ ಗೋಡೆಯ ಮೇಲಿರಲಿ ಎಂದು ಅವನು ಶಾಮೀದಸಾಬನನ್ನು ಮನೆಗೆ ಕರೆಸಿದ. ಪಡಸಾಲೆ ಕತ್ತಲೆ. ಫ್ಲ್ಯಾಷ್ ಒಮ್ಮೆ ಹೊಳೆದದ್ದೇ ತಡ, ಆಮೇಲೆ ಅದನ್ನು ಎತ್ತಿ ಹಿಡಿದರೆ ಸಾಕು, ಮುದುಕಿ ಕಣ್ಣು ಮುಚ್ಚುತ್ತಿದ್ದಳು. ಅಂಗಳದ ಬಿಸಿಲಿಗೆ ಕರೆತಂದರೆ ಕಣ್ಣಲ್ಲಿ ಬಳಬಳ ನೀರು.

"ಬೆಳಕು ಚುಚ್ಚತೈತೋ ಸಾಬಣ್ಣ."

"ಒಂದು ಗಳಿಗಿ ತಡಕೊಳ್ರಿ ಯಮ್ಮ, ಹಠ ಮಾಡಬ್ಯಾಡ್ರಿ."

"ಅವ್ವ ಮೊದಲಿಂದ ಹಿಂಗ್ರಿ. ಬರೀ ಮೊಂಡಾಟ," ಎಂದ ಮಗ.

ಮೂರು ಸಲ ಹೋದರೂ ಮುಚ್ಚಿದ ಕಣ್ಣೇ. ಕೊನೆಗೆ ಶಾಮೀದಸಾಬ ಪೆನ್ಸಿಲ್ ಹಿಡಿದು ಎರಡು ಕಣ್ಣು ಬರೆದೇಬಿಟ್ಟ. ಎಂಥ ಕಣ್ಣು! ಮನೆಯವರೆಲ್ಲ ಭೇಷ್ ಅಂದರು. ಉಚ್ಚಂಗೆಮ್ಮ ಮಾತ್ರ ಫೋಟೋವನ್ನು ಬಲಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಈಕಿ ಯಾರು?" ಎಂದಳು.

ಶಾಮೀದಸಾಬನಿಗೆ ಮುಖಕ್ಕೆ ಹೊಡೆದಂತಾಯಿತು. ಫೋಟೋ ವಾಪಸ್ ತಂದವನಿಗೆ ಒಂದೇ ಹುಳ ತಲೆ ಹೊಕ್ಕಿತು. ಫ್ಲ್ಯಾಷೇ ಇಲ್ಲದೆ, ಆ ಕತ್ತಲೆಯಲ್ಲೇ, ಅವಳದೇ ಕಣ್ಣು ತೆಗೆಯುವ ಕ್ಯಾಮೆರಾ ಯಾವುದು?

ಬಳ್ಳಾರಿಯ ಗಾಂಧಿನಗರದಲ್ಲಿ ಕ್ಯಾಮೆರಾ ಮಾರುವ ರಂಗಣ್ಣ ಎರಡು ತೆಗೆದಿಟ್ಟ. ಒಂದು ಹೊಚ್ಚ ಹೊಸದು, ಒಂದರ ಮೇಲೊಂದು ಎರಡು ಲೆನ್ಸ್, ದೊಡ್ಡ ಫಿಲ್ಮು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು, ಸಣ್ಣ ಫಿಲ್ಮು, ಆದರೆ ಲೆನ್ಸಿನ ಗಾಜು ಬಟ್ಟಲಿನಷ್ಟು ಅಗಲ.

ಶಾಮೀದಸಾಬ ಅಂಗಡಿಯ ಗುಮಾಸ್ತನನ್ನು ಒಳಕೋಣೆಯಲ್ಲಿ ಕೂರಿಸಿ ಎರಡರಲ್ಲೂ ಇಣುಕಿದ. "ಇನ್ನೊಂಚೂರು ಹಿಂದಕ್ಕ ಸರೀರಿ," ಎನ್ನುತ್ತ ಅವನನ್ನು ರಟ್ಟಿನ ಡಬ್ಬಿಗಳ ಮರೆಯವರೆಗೂ ತಳ್ಳಿದ. ಹೊಸದರಲ್ಲಿ ಗುಮಾಸ್ತ ಆ ಕತ್ತಲೆಯಲ್ಲಿ ಕಳೆದೇ ಹೋದ. ಹಳೆಯದರಲ್ಲಿ ಅವನ ಕಿವಿಯ ಕೂದಲು ಕೂಡ ಕಾಣುತ್ತಿತ್ತು.

"ಕಿಟಕಿ ಬೆಳಕೊಂದಿದ್ರ ಇದಕ್ಕ ಸಾಕು," ಎಂದ ರಂಗಣ್ಣ. "ಆದ್ರ ಕಣ್ಣಿಗೆ ಫೋಕಸ್ ಹಿಡಿದ್ರ ಕಿವಿ ಮಸುಕು ಬರತೈತಿ. ನೆಗೆಟಿವ್ ಉಗುರಿನಷ್ಟು, ನಿಮ್ಮ ಪೆನ್ಸಿಲ್ ಆಟ ಇದರಾಗ ನಡೆಯಂಗಿಲ್ಲ ನೋಡ್ರಿ. ನಿಮ್ಮ ಹೆಸರು ಇರೋದ ಆ ಪೆನ್ಸಿಲಿನಾಗ."

ಶಾಮೀದಸಾಬ ಎರಡನ್ನೂ ಇನ್ನೊಮ್ಮೆ ಎತ್ತಿ ನೋಡಿದ. ಆಮೇಲೆ ತನ್ನ ಹಳೆಯ ಕ್ಯಾಮೆರಾ ಕೊಟ್ಟು, ಮೇಲಿಷ್ಟು ದುಡ್ಡು ಸೇರಿಸಿ, ಅಗಲ ಗಾಜಿನದನ್ನೇ ಚೀಲಕ್ಕೆ ಹಾಕಿಕೊಂಡ.

ಸಿರಿಗೇರಿಯಲ್ಲಿ ಉಚ್ಚಂಗೆಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ ಬೆಳೆ ಬಗ್ಗೆ ಮಾತಿಗೆಳೆದ. ಅವಳು ಮಾತಾಡುತ್ತಲೇ ಇದ್ದಳು, ಇವನು ತೆಗೆಯುತ್ತಲೇ ಇದ್ದ. "ಯಾವಾಗ ತೆಗೀತೀಯೋ?" ಎಂದು ಅವಳು ಕೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಊರಿಗೆ ಬಂದು ಫಿಲ್ಮು ತೊಳೆದು ಪ್ರಿಂಟ್ ಹಾಕಿದರೆ ಮುಖ ಮೂಡಿತು, ಕಣ್ಣು ತೆರೆದಿತ್ತು. ಅವನ ಖುಷಿಗೆ ಪಾರವಿಲ್ಲ. ಆದರೆ ಎಡಗಣ್ಣಿನ ನಡುವೆ ಒಂದು ಬಿಳಿ ಚುಕ್ಕೆ. ಧೂಳು ಕೂತಿದೆ ಎಂದುಕೊಂಡು ನೆಗೆಟಿವ್ ಒರೆಸಿ ಮತ್ತೆ ಪ್ರಿಂಟ್ ಹಾಕಿದ. ಚುಕ್ಕೆ ಹೋಗಲಿಲ್ಲ. ಎರಡನೆಯ ಫೋಟೋದಲ್ಲೂ ಅಲ್ಲೇ, ಮೂರನೆಯದರಲ್ಲೂ ಅಲ್ಲೇ. ಅಭ್ಯಾಸಬಲದಿಂದ ಕೈ ಪೆನ್ಸಿಲಿಗೆ ಹೋಗಿ ಅರ್ಧದಲ್ಲೇ ನಿಂತಿತು.

ಸಿರಿಗೇರಿಗೆ ಒಯ್ದುಕೊಟ್ಟ ಫೋಟೋ ನೋಡಿ ಹಾಲಸಿದ್ದಪ್ಪ ಹುಬ್ಬು ಗಂಟಿಕ್ಕಿದ. "ಕಿವ್ಯಾಗಿನ ಬಂಗಾರದ ವಾಲಿ ಮಸುಕಾಗ್ಯಾವು. ಈ ಕಣ್ಣಾಗಿನ ಕಲಿನೂ ತಿದ್ದಿಲ್ಲೇನ್ರಿ?"

"ಅದು ಫೋಟೋದಾಗಿನ ಕಲಿ ಅಲ್ರಿ. ಯಮ್ಮನ ಕಣ್ಣಾಗ ಐತಿ. ನೀವ ನೋಡ್ರಿ."

ಹಾಲಸಿದ್ದಪ್ಪ ಅವ್ವನನ್ನು ಕಿಟಕಿಗೆ ಕರೆದೊಯ್ದು, ಗಲ್ಲ ಹಿಡಿದೆತ್ತಿ ನೋಡಿದ. ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಅವನಿಗೆ ಎಷ್ಟು ವರ್ಷವಾಗಿತ್ತೋ. ಎಡಗಣ್ಣಿಗೆ ಪೊರೆ ಬಂದಿತ್ತು.

"ಬೆಳಕು ಚುಚ್ಚತೈತಿ ಅಂತ ಎರಡು ವರ್ಸದಿಂದ ಬಾಯಿ ಬಡಕೊಂಡೆ," ಎಂದಳು ಉಚ್ಚಂಗೆಮ್ಮ. "ಫೋಟೋ ಹೇಳಿದ ಮ್ಯಾಲೆ ನಂಬಿದ್ರಿ."

ಶಾಮೀದಸಾಬನಿಗೆ ನಾಚಿಕೆಯಾಯಿತು. "ನಾನೂ ಹಠ ಅಂದಿದ್ನಿ ಯಮ್ಮ. ತಪ್ಪಾತು."

ಅವಳು ಫೋಟೋವನ್ನು ಬಲಗಣ್ಣಿಗೆ ಹತ್ತಿರ ಹಿಡಿದಳು. "ಈಕಿ ನಾನ ಅದೀನಿ," ಎಂದಳು. "ಇದನ್ನ ತಿದ್ದಬ್ಯಾಡ."

ಮರುದಿನ ಮೂವರೂ ಬಳ್ಳಾರಿ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ಹಾಲಸಿದ್ದಪ್ಪನ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು.

ಹಾಲಸಿದ್ದಪ್ಪ ತಲೆ ತಗ್ಗಿಸಿ, "ಅವ್ವನ್ನ ಕೇಳ್ರಿ," ಎಂದ.